ಚಕ್ರ ದೊಡ್ಡದು ಮಾಡಿಸಿದ ಮೇಲೆ ಗಾಡಿ ಎಳೆಯುತ್ತಿಲ್ಲವೇ? ಡೀಸೆಲ್ ಇಂಜಿನ್ ಬಿಚ್ಚಿಸುವ ಮೊದಲು ನೋಡಬೇಕಾದ್ದು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಡೀಸೆಲ್ ಎಸ್‌ಯುವಿ ತಂದವರು ಮೊದಲು ಕೈ ಹಾಕುವುದು ಚಕ್ರಕ್ಕೆ. ತೋಟದ ದಾರಿ ಕೆಟ್ಟದ್ದು, ಮಳೆಗಾಲದಲ್ಲಿ ಕೆಸರಿಗೆ ಹಿಡಿತ ಬೇಕು, ಜೊತೆಗೆ ನೋಡಲೂ ಚೆಂದ. ತಪ್ಪೇನಿಲ್ಲ. ತಾಪತ್ರಯ ಶುರುವಾಗುವುದು ಆಮೇಲೆ. ಘಾಟಿಯಲ್ಲಿ ಗಾಡಿ ಮುಕ್ಕರಿಯುತ್ತದೆ, ಮೈಲೇಜ್ ಬಿತ್ತು ಅನ್ನಿಸುತ್ತದೆ, ಗ್ಯಾರೇಜಿಗೆ ಹೋದರೆ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ), ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ), ಪಂಪು ಎಂಬ ಮಾತು ಎದ್ದು ಬಿಲ್ಲು ಲಕ್ಷದ ಕಡೆ ಮುಖ ಮಾಡುತ್ತದೆ. ಇನ್ನು ಕೆಲವರ ಕಥೆ ತಿರುಗಾಮುರುಗಾ: ಇಂಜಿನ್ ನಿಜವಾಗಿ ಕೆಡುತ್ತಿದ್ದರೂ "ದೊಡ್ಡ ಟೈರ್ ಹಾಕಿದ್ದೀವಲ್ಲ, ಅದಕ್ಕೇ" ಎಂದು ಓಡಿಸುತ್ತಲೇ ಇರುತ್ತಾರೆ.

ಇವೆರಡನ್ನೂ ಬೇರ್ಪಡಿಸಲು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಒಂದಿದೆ: ಹಳೆಯ ಕಂಪನಿ ಚಕ್ರಗಳನ್ನೇ ಮತ್ತೆ ಹಾಕಿ, ಅದೇ ದಾರಿಯಲ್ಲಿ, ಅಷ್ಟೇ ಭಾರ ಹೇರಿ ಓಡಿಸಿ ನೋಡುವುದು. ಆದ್ದರಿಂದ ಹಳೆಯ ಸೆಟ್ಟನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ, ಒಂದು ಮಳೆಗಾಲ ಕಳೆಯುವವರೆಗಾದರೂ ಕೊಟ್ಟಿಗೆಯ ಅಟ್ಟದಲ್ಲಿ ಇರಲಿ. ಕೊಟ್ಟೇಬಿಟ್ಟಿದ್ದರೆ ಅದೇ ಮಾದರಿಯ ಗಾಡಿ ಇರುವ ನೆಂಟರ ಹತ್ತಿರ ಒಂದು ದಿನಕ್ಕೆ ಕೇಳಿ. ಹಳೆಯ ಚಕ್ರದಲ್ಲಿ ದೂರು ಮಾಯವಾದರೆ ಇಂಜಿನ್ನಿಗೆ ಸ್ಪ್ಯಾನರ್ ಮುಟ್ಟಿಸುವ ಅಗತ್ಯವಿಲ್ಲ.

ಚಕ್ರ ಬಿಚ್ಚುವಾಗ ಜಾಗ ನೋಡಿ ಜಾಕ್ ಹಾಕಿ. ನಮ್ಮ ಕೆಂಪು ಮಣ್ಣು ಮಳೆಯಲ್ಲಿ ಜಾಕನ್ನು ಮೆಲ್ಲಗೆ ನುಂಗುತ್ತದೆ. ಅಡಿಗೆ ದಪ್ಪ ಹಲಗೆ ಇಡಿ, ಎದುರು ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ, ಜಾಕ್ ಒಂದರ ಮೇಲೇ ನಿಂತ ಗಾಡಿಯ ಕೆಳಗೆ ತಲೆ ಹಾಕಲೇಬೇಡಿ.

ಮೂರನೇ ಗೇರಲ್ಲಿ ಹತ್ತುತ್ತಿದ್ದ ದಿಬ್ಬಕ್ಕೆ ಈಗ ಎರಡನೆಯದು ಬೇಕು

ಹೆಚ್ಚಿನವರ ದೂರು ಇದೇ. ಮೊದಲು ಟೈರಿನ ಪಕ್ಕದಲ್ಲಿ ಬರೆದ ಅಳತೆ ಓದಿ, ಲೆಕ್ಕ ಹಾಕಿ. 235/65 ಆರ್ 17 ಅಂದರೆ ಅಗಲ 235 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 65, ರಿಮ್ 17 ಇಂಚು. ಗೋಡೆ ಎರಡು ಬದಿ, ನಡುವೆ ರಿಮ್; ಒಟ್ಟು ಎತ್ತರ ಸುಮಾರು 737 ಮಿ.ಮೀ. ಅದೇ ರಿಮ್ಮಿಗೆ 265/70 ಹಾಕಿದರೆ 803 ಮಿ.ಮೀ. ಆಗುತ್ತದೆ, ಶೇ. 9ರಷ್ಟು ದೊಡ್ಡದು. ಇಂಜಿನ್ ಅದೇ, ಗೇರ್ ಬಾಕ್ಸ್ ಅದೇ. ಆದರೆ ಪ್ರತಿ ಗೇರೂ ಶೇ. 9ರಷ್ಟು ಉದ್ದವಾಯಿತು, ಅಂದರೆ ನೆಲಕ್ಕೆ ಸಿಗುವ ಎಳೆತ ಹೆಚ್ಚುಕಡಿಮೆ ಅಷ್ಟೇ ತಗ್ಗಿತು. ಟೈರಿನ ತೂಕ ಏರಿದ್ದು ಬೇರೆ. ಸಾಗರದ ರಸ್ತೆಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ, ಆ 14 ಹಿಮ್ಮುರಿ ತಿರುವುಗಳಲ್ಲಿ ಗೊತ್ತಾಗುತ್ತದೆ. ತಿರುವಿನಲ್ಲಿ ವೇಗ ಇಳಿದು, ಟರ್ಬೊ ಕೈಬಿಟ್ಟು, ಎರಡನೇ ಗೇರಲ್ಲೂ ಇಂಜಿನ್ ಗುಡುಗುಡು ಅನ್ನುತ್ತದೆ. ಅಲ್ಲಿ ಒಂದನೇ ಗೇರಿಗೆ ಇಳಿಯಲು ನಾಚಿಕೆಪಟ್ಟು ಅರ್ಧ ಕ್ಲಚ್ಚಿನಲ್ಲಿ ಎಳೆಸಿದರೆ ಸುಟ್ಟ ವಾಸನೆ ಬರುತ್ತದೆ. ಅದು ಇಂಜಿನ್ ದೋಷವಲ್ಲ, ಕ್ಲಚ್ ಪ್ಲೇಟ್ ಉರಿಯುತ್ತಿರುವುದು.

ಮೈಲೇಜಿನ ಲೆಕ್ಕವೂ ಇಲ್ಲೇ ತಪ್ಪುತ್ತದೆ. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ, ಮೀಟರು ಮಾತ್ರ ಹಳೆಯ ಲೆಕ್ಕದಲ್ಲೇ ಎಣಿಸುತ್ತದೆ. ಲೀಟರಿಗೆ 12 ಕೊಡುತ್ತಿದ್ದ ಗಾಡಿ ಒಂದು ತೊಟ್ಟು ಡೀಸೆಲ್ ಹೆಚ್ಚು ಕುಡಿಯದೆಯೇ 11 ತೋರಿಸುತ್ತದೆ. ಇದನ್ನು ಹಿಡಿಯುವುದು ಸುಲಭ: ಪಕ್ಕದಲ್ಲಿ ಕೂತವರ ಮೊಬೈಲಿನಲ್ಲಿ ಜಿಪಿಎಸ್ ವೇಗ ತೆರೆಸಿ, ಸಮ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ಕಂಪನಿ ಮೀಟರು ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ. ನಿಮ್ಮದರಲ್ಲಿ ಮೊಬೈಲು ಮೀಟರಿಗಿಂತ ಹೆಚ್ಚು ತೋರಿಸಿದರೆ ಟೈರ್ ಅಳತೆ ಮೀರಿದೆ. ಹಳೆಯ ಎತ್ತರದಿಂದ ಶೇ. 3ರ ಒಳಗೆ ಇರಬೇಕು ಎಂಬುದು ಟೈರ್ ಅಂಗಡಿಯವರೂ ಒಪ್ಪುವ ಮಿತಿ. ದೊಡ್ಡ ರಿಮ್ ಬೇಕೇ ಬೇಕು ಎನ್ನುವವರಿಗೆ 235/60 ಆರ್ 18 ಇದೆ, ಎತ್ತರ 739 ಮಿ.ಮೀ., ಎಳೆತ ಕೆಡುವುದಿಲ್ಲ. ಆದರೆ ಗೋಡೆ ಗಿಡ್ಡ, ಗುಂಡಿಗೆ ಬಿದ್ದರೆ ರಿಮ್ ಬಾಗುತ್ತದೆ. ನನ್ನನ್ನು ಕೇಳಿದರೆ ಮಲೆನಾಡಿನ ರಸ್ತೆಗೆ ಕಂಪನಿ ರಿಮ್ಮೇ ಸೈ, ದುಡ್ಡನ್ನು ಒಳ್ಳೆಯ ಟೈರಿಗೆ ಹಾಕಿ.

ಹಳೆಯ ಚಕ್ರ ಹಾಕಿದರೂ ಎಳೆತ ಬಾರದಿದ್ದರೆ ಮುಂದಿನ ಹೆಜ್ಜೆ. ಟೈರಿನ ಗಾಳಿ ನೋಡಿ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ರಿಮ್ಮಿನ ಹತ್ತಿರ ಅಂಗೈ ಒಡ್ಡಿ. ಮುಟ್ಟಬೇಡಿ, ಕಾವು ಮಾತ್ರ ನೋಡಿ. ಒಂದೇ ಚಕ್ರ ಕಾವಲಿಯಂತೆ ಕಾದಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ. ಆಮೇಲೆ ಏರ್ ಫಿಲ್ಟರ್. ಬೇಸಿಗೆಯಲ್ಲಿ ಕ್ವಾರಿ ರಸ್ತೆಯಲ್ಲಿ ಓಡಾಡುವ ಗಾಡಿಯ ಫಿಲ್ಟರ್ ಕೊಡವಿದರೆ ಕೆಂಪು ಧೂಳು ಸುರಿಯುತ್ತದೆ, ಹೊಸದು ಹಾಕಿ. ನಂತರ ಟರ್ಬೊದಿಂದ ಇಂಟರ್‌ಕೂಲರಿಗೆ (ಟರ್ಬೊದ ಬಿಸಿ ಗಾಳಿ ತಣಿಸುವ ಭಾಗ) ಹೋಗುವ ರಬ್ಬರ್ ಹೋಸ್: ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಬೆರಳಿನಿಂದ ಅಡಿಭಾಗವನ್ನೆಲ್ಲ ಸವರಿ. ಸೀಳು ಬಹುತೇಕ ಮೇಲೆ ಕಾಣುವುದಿಲ್ಲ, ಕ್ಲಿಪ್ಪಿನ ಕೆಳಗೆ ಎಣ್ಣೆಯ ಜಿಡ್ಡು ಅಂಟಿದ ಜಾಗದಲ್ಲಿ ಇರುತ್ತದೆ. ಜೋರಾಗಿ ಒತ್ತಿದಾಗ ಸುಯ್ ಎಂಬ ಸದ್ದು, ಹಿಂದೆ ಕಪ್ಪು ಹೊಗೆ, ಎಳೆತ ಇಲ್ಲ ಎಂದಾದರೆ ಮೊದಲ ಅನುಮಾನ ಈ ಹೋಸಿನ ಮೇಲೆಯೇ ಇರಲಿ. ಟರ್ಬೊ ಬದಲಿಸುವ ಮಾತು ಅದಾದ ಮೇಲೆ.

ಇಂಜಿನ್ ಲೈಟ್ ಹತ್ತಿ, ಎಷ್ಟೇ ಒತ್ತಿದರೂ ಆರ್‌ಪಿಎಂ ಏರದಿದ್ದರೆ ಗಾಡಿ ತನ್ನನ್ನು ತಾನೇ ಕಾಪಾಡಿಕೊಳ್ಳುವ ಸ್ಥಿತಿಗೆ ಹೋಗಿದೆ. ಸ್ಕ್ಯಾನರ್ ಹಾಕಿಸಿ. ಅದಕ್ಕೂ ಮುಂಚೆ ಬಾನೆಟ್ ಎತ್ತಿ ಇಲಿ ಹಿಕ್ಕೆ ಇದೆಯೇ ನೋಡಿ, ಮಾರಾಯ್ರೆ. ಅಡಿಕೆ, ಭತ್ತ ಇಡುವ ಕೊಟ್ಟಿಗೆಯ ಪಕ್ಕ ನಿಲ್ಲುವ ಗಾಡಿಯಲ್ಲಿ ಸೆನ್ಸರ್ ವೈರನ್ನು ಇಲಿ ಕಡಿದಿರುತ್ತದೆ, ಬೈಗುಳ ಸೆನ್ಸರಿಗೆ ಬೀಳುತ್ತದೆ.

ಎಂಬತ್ತರ ಮೇಲೆ ಸ್ಟೇರಿಂಗ್ ನಡುಗುತ್ತದೆ

ಇದು ಇಂಜಿನ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು ನೇರವಾದ, ಖಾಲಿ ರಸ್ತೆಯಲ್ಲಿ ಅದೇ ವೇಗಕ್ಕೆ ಹೋಗಿ ಕ್ಲಚ್ ಒತ್ತಿ. ಆರ್‌ಪಿಎಂ ಇಳಿದರೂ ನಡುಕ ಉಳಿದರೆ ಚಕ್ರದ ಕಡೆಯದು.

ಮೊದಲು ರಿಮ್ಮಿನ ಒಳಬದಿ ತೊಳೆಯಿರಿ. ಒಣಗಿದ ಕೆಸರಿನ ಒಂದು ಹೆಂಟೆ ಸಾಕು, ಬ್ಯಾಲೆನ್ಸ್ ಕೆಡುತ್ತದೆ. ಅಲಾಯ್ ರಿಮ್ಮಿನ ಕಡ್ಡಿಗಳ ಹಿಂದೆ ಅದು ಕೂತರೆ ಹೊರಗಿನಿಂದ ಕಾಣುವುದೇ ಇಲ್ಲ. ಆಮೇಲೆ ನಟ್. ಕಂಪನಿಯ ಕಬ್ಬಿಣದ ರಿಮ್ಮಿನ ನಟ್ಟನ್ನೇ ಹೊರಗಿನ ಅಲಾಯಿಗೆ ಹಾಕಿದ್ದರೆ ಅದರ ತುದಿಯ ಆಕಾರ ರಿಮ್ಮಿನ ಕುಳಿಗೆ ಹೊಂದದೆ ಹೋಗಬಹುದು. ಬಿಗಿ ಇದ್ದಂತೆ ಕಂಡರೂ ಸಡಿಲವಾಗುತ್ತದೆ. ಹೊಸ ಚಕ್ರ ಹಾಕಿಸಿ 50–100 ಕಿ.ಮೀ. ಓಡಿದ ಮೇಲೆ ಟಾರ್ಕ್ ಸ್ಪ್ಯಾನರಿನಲ್ಲಿ, ಕೈಪಿಡಿ ಹೇಳಿದ ಅಳತೆಗೆ, ಮತ್ತೊಮ್ಮೆ ಬಿಗಿಸಲೇಬೇಕು. ಓಡುವಾಗ ಟಕಟಕ ಸದ್ದು ಬಂದು ಸ್ಟೇರಿಂಗ್ ಅಲುಗಿದರೆ ಮುಂದಿನ ಊರಿನವರೆಗೆ ಎನ್ನಬೇಡಿ. ಅಲ್ಲೇ ನಿಲ್ಲಿಸಿ ನಟ್ ನೋಡಿ.

ಮೂರನೆಯದು, ಗಾಡಿಯ ಹಬ್ಬಿನ (ಚಕ್ರ ಕೂರುವ ನಡುಭಾಗ) ಮೇಲೆ ಕೂರುವ ರಿಮ್ಮಿನ ನಡು ತೂತು. ಹೊರಗಿನ ಅಲಾಯ್ ಹತ್ತು ಗಾಡಿಗೆ ಹೊಂದಲೆಂದು ನಡುವಿನ ತೂತನ್ನು ದೊಡ್ಡದಾಗಿಯೇ ಕೊರೆದಿರುತ್ತಾರೆ, ಆ ಸಂದಿಗೆ ರಿಂಗ್ ಕೂರಿಸಬೇಕು. ರಿಂಗ್ ಇಲ್ಲದಿದ್ದರೆ ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ನಡುಕ ಹೋಗದಿರಬಹುದು, ಏಕೆಂದರೆ ಮೆಷಿನ್ನಿನ ಮೇಲೆ ಸರಿಯಾಗಿ ಕೂತ ಚಕ್ರ ಗಾಡಿಯ ಮೇಲೆ ಕೂದಲೆಳೆ ಪಕ್ಕಕ್ಕೆ ಕೂರುತ್ತದೆ. ಇಷ್ಟು ಆದ ಮೇಲೆಯೇ ಬ್ಯಾಲೆನ್ಸಿಂಗ್, ಆಮೇಲೆ ಬಾಗಿದ ರಿಮ್ಮಿನ ಪರೀಕ್ಷೆ. ಟೈರಿನ ಪಕ್ಕದಲ್ಲಿ ಬುಗುಟು ಎದ್ದಿದ್ದರೆ ಒಳಗಿನ ದಾರ ಹರಿದಿದೆ ಎಂದರ್ಥ. ಅದನ್ನು ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳಬೇಡಿ.

ತಿರುಗಿಸಿದರೆ ಉಜ್ಜುತ್ತದೆ, ಓಡುವಾಗ ಗುಂಯ್ ಎನ್ನುತ್ತದೆ

ಪೂರ್ತಿ ತಿರುಗಿಸಿದಾಗ ಮಾತ್ರ ಉಜ್ಜಿದರೆ ಟೈರ್ ಒಳಗಿನ ಪ್ಲಾಸ್ಟಿಕ್ಕಿಗೋ ಚಾಸಿಗೋ ತಾಗುತ್ತಿದೆ. ಮಸಿ ಒರೆಸಿದಂತೆ ಗುರುತು ಇರುತ್ತದೆ, ಟಾರ್ಚ್ ಬಿಟ್ಟು ನೋಡಿ. ಬ್ರೇಕ್ ಹೋಸಿಗೆ ತಾಗುತ್ತಿದ್ದರೆ ಗಾಡಿ ಅಲ್ಲಿಂದ ಕದಲಬಾರದು. ಉಜ್ಜುವುದು ತಪ್ಪಲೆಂದು ಸ್ಪೇಸರ್ (ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ ದಪ್ಪ ಬಿಲ್ಲೆ) ಹಾಕಿ ಚಕ್ರವನ್ನು ಹೊರಗೆ ತಳ್ಳಿಸುವವರಿದ್ದಾರೆ. ಚಕ್ರ ಹೊರಗೆ ಹೋದಷ್ಟೂ ಬೇರಿಂಗಿಗೆ ಹೊರೆ. ಕೆಲವು ತಿಂಗಳಲ್ಲಿ ಗುಂಯ್ ಶಬ್ದ ಶುರು, ಬಲಕ್ಕೆ ವಾಲಿಸಿದರೆ ಜೋರು, ಎಡಕ್ಕೆ ಕಡಿಮೆ, ಅಥವಾ ತಿರುಗಾಮುರುಗಾ. ಹೀಗೆ ಬದಲಾದರೆ ಬೇರಿಂಗ್. ಬದಲಾಗದೆ ಒಂದೇ ಸಮ ಇದ್ದರೆ ಟೈರಿನ ದಪ್ಪ ಹಲ್ಲಿನ ಶಬ್ದ, ಅದಕ್ಕೆ ಮದ್ದಿಲ್ಲ.

ಇನ್ನೊಂದು ಮಾತು. ಹೊಸ ಟೈರಿನ ಭಾರ ಹೊರುವ ಸಂಖ್ಯೆ ಹಳೆಯದಕ್ಕಿಂತ ಕಡಿಮೆ ಇರಬಾರದು. 104 ಅಂದರೆ ಒಂದು ಟೈರಿಗೆ 900 ಕೆ.ಜಿ. ಕಂಪನಿಯ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ, ವಿಮೆಯವರಿಗೂ ಅದು ತಕರಾರಿಗೆ ದಾರಿ.

ಘಾಟಿ ಇಳಿಯುವಾಗ ಬ್ರೇಕ್ ಮೆತ್ತಗಾಗುತ್ತದೆ

ಭಾರದ, ಎತ್ತರದ ಚಕ್ರವನ್ನು ನಿಲ್ಲಿಸಲು ಅದೇ ಹಳೆಯ ಬ್ರೇಕಿಗೆ ಹೆಚ್ಚು ಶ್ರಮ. ಹುಲಿಕಲ್ ಘಾಟಿಯಲ್ಲಿ ಹೊಸಂಗಡಿ ಕಡೆಗೆ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಪ್ಯಾಡ್ ಕಾದು ವಾಸನೆ ಬರುತ್ತದೆ, ಪೆಡಲ್ ಆಳಕ್ಕೆ ಹೋಗುತ್ತದೆ. ಕೂಡಲೇ ಕೆಳ ಗೇರಿಗೆ ಇಳಿಸಿ ಇಂಜಿನ್ನಿನಿಂದಲೇ ಗಾಡಿ ತಡೆಯಿರಿ, ಅಗಲ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಎರಚಬೇಡಿ, ಸೊಟ್ಟಗಾಗುತ್ತದೆ. ಆರಿದ ಮೇಲೂ ಪೆಡಲ್ ಮೆತ್ತಗೇ ಇದ್ದರೆ ಬ್ರೇಕ್ ಆಯಿಲ್ ಸೋರಿಕೆ ಅಥವಾ ಅದರೊಳಗೆ ನೀರಿನಂಶ. ಟೋ ಮಾಡಿಸಿ, ಓಡಿಸಬೇಡಿ.

ಹೊಗೆಯ ಬಣ್ಣ

ಟೈರಿಗೂ ಹೊಗೆಗೂ ಸಂಬಂಧ ಇರುವುದು ಒಂದೇ ಕಡೆ: ಉದ್ದವಾದ ಗೇರಿನಲ್ಲಿ ಮುಕ್ಕರಿಸಿ ಎಳೆಸಿದಾಗ ಒಂದಿಷ್ಟು ಕಪ್ಪು ಹೊಗೆ. ಗೇರ್ ಇಳಿಸಿದರೆ ಅದು ನಿಲ್ಲಬೇಕು. ನಿಲ್ಲದೆ ಕಪ್ಪಾಗಿಯೇ ಉಗುಳುತ್ತಿದ್ದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು: ಏರ್ ಫಿಲ್ಟರ್, ಹೋಸ್, ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಬಿಡುವ ವಾಲ್ವ್), ಕೊನೆಗೆ ಇಂಜೆಕ್ಟರ್, ಇದೇ ಸಾಲಿನಲ್ಲಿ ನೋಡಿಸಿ.

ಬಿಳಿ ಹೊಗೆಗೆ ಅವಸರ ಬೇಡ. ಡಿಸೆಂಬರಿನ ಬೆಳಿಗ್ಗೆ ಎಲ್ಲ ಗಾಡಿಯೂ ಬಿಳಿ ಉಗುಳುತ್ತದೆ, ಬಿಸಿಯಾದ ಮೇಲೆ ಇಲ್ಲವಾದರೆ ಅದು ಬರೀ ಹಬೆ. ಕಣ್ಣು ಉರಿಸುವ ಬಿಳಿ ಹೊಗೆ, ಜೊತೆಗೆ ಕುಂಟುವ ಇಂಜಿನ್ ಇದ್ದರೆ ಸುಡದ ಡೀಸೆಲ್. ತಣ್ಣನೆಯ ಸಿಲಿಂಡರನ್ನು ಕಾಯಿಸುವ ಗ್ಲೋ ಪ್ಲಗ್ ಮೊದಲು ನೋಡಿ. ಬಿಸಿಯಾದರೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆ ಕೂಲಂಟ್ ಉರಿಯುತ್ತಿರುವ ಗುರುತು. ನೀಲಿ ಹೊಗೆ ಇಂಜಿನ್ ಆಯಿಲ್‌ದು, ಟರ್ಬೊ ಸೀಲ್ ಅಥವಾ ಪಿಸ್ಟನ್ ರಿಂಗ್. "ಬೋರಿಗೆ ಬಂದಿದೆ" (ಸಿಲಿಂಡರ್ ಸವೆದಿದೆ, ಇಂಜಿನ್ ಬಿಚ್ಚಬೇಕು) ಎಂದು ಯಾರಾದರೂ ಹೇಳಿದರೆ ಕಂಪ್ರೆಶನ್ ಟೆಸ್ಟ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿ ಅಂಕಿ ತೋರಿಸಿ ಎನ್ನಿ. ಟರ್ಬೊ ಸೀಲಿನ ಹೊಗೆಗೆ ಇಂಜಿನ್ ಬಿಚ್ಚಿಸಿಕೊಂಡವರು ಕಡಿಮೆ ಇಲ್ಲ.

ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ

ಬ್ಯಾಟರಿ ಗಟ್ಟಿ ಇದ್ದೂ ಹೀಗಾದರೆ, ಅದರಲ್ಲೂ ಮಳೆಗಾಲದಲ್ಲಿ, ಡೀಸೆಲ್ಲಿನಲ್ಲಿ ನೀರು ಇರುವ ಸಂಭವ ಹೆಚ್ಚು. ಮನೆಯಲ್ಲಿ ಕ್ಯಾನಿನಲ್ಲಿ ತಂದಿಟ್ಟ ಡೀಸೆಲ್ ಹಾಕುವವರು ಇದನ್ನು ಮೊದಲು ನೋಡಬೇಕು. ಡೀಸೆಲ್ ಫಿಲ್ಟರಿನ ಅಡಿಯಲ್ಲಿ ನೀರು ಬಿಡುವ ತಿರುಪು ಇರುತ್ತದೆ. ಇಂಜಿನ್ ಆರಿಸಿ, ಕೆಳಗೆ ಗಾಜಿನ ಬಾಟಲಿ ಹಿಡಿದು ತಿರುಪು ಸಡಿಲಿಸಿ, ಕಾಲು ಬಾಟಲಿ ಇಳಿಸಿ, ಅಲುಗಾಡಿಸದೆ ಹತ್ತು ನಿಮಿಷ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಂತು ನಡುವೆ ಸ್ಪಷ್ಟ ಗೆರೆ ಮೂಡುತ್ತದೆ. ಬಾಟಲಿ ವಾಲಿಸಿದರೆ ಮಣಿಮಣಿಯಾಗಿ ಉರುಳುತ್ತದೆ. ನೀರು ಸ್ವಲ್ಪವೇ ಇದ್ದರೆ ಬರೀ ಡೀಸೆಲ್ ಬರುವವರೆಗೆ ಇಳಿಸಿ, ಕೈಪಂಪ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ ಏರ್ ಲಾಕ್ (ಲೈನಿನಲ್ಲಿ ಸಿಕ್ಕಿಕೊಂಡ ಗಾಳಿ) ತೆಗೆಯಿರಿ, ಆಮೇಲೆ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡು ಸಾಕು, ನಡುವೆ ಒಂದು ನಿಮಿಷ ಬಿಡಿ.

ನೀರು ಧಾರಾಳವಾಗಿ ಸಿಕ್ಕರೆ ಅಲ್ಲಿಗೆ ನಿಲ್ಲಿಸಿ. ಟ್ಯಾಂಕ್ ಇಳಿಸಿ ತೊಳೆಸುವವರೆಗೆ ಸ್ಟಾರ್ಟ್ ಮಾಡಬೇಡಿ. ಕಾಮನ್ ರೈಲ್ ಅಂದರೆ ಎಲ್ಲ ಇಂಜೆಕ್ಟರಿಗೂ ಒತ್ತಡದ ಡೀಸೆಲ್ ಕೊಡುವ ಒಂದೇ ಕೊಳವೆ; ಅದರ ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲೇ ಎಣ್ಣೆ. ನೀರು ಹೋದರೆ ಲೋಹ ಒಣಗಿ ಉಜ್ಜಿ ಪುಡಿಯಾಗುತ್ತದೆ, ಆ ಪುಡಿ ಇಡೀ ಲೈನಿಗೆ ಹರಡುತ್ತದೆ. ಲಕ್ಷದ ಬಿಲ್ಲು ಹುಟ್ಟುವ ಜಾಗ ಇದು.

ಎಚ್ಚರಿಕೆ: ಕಾಮನ್ ರೈಲಿನಿಂದ ಇಂಜೆಕ್ಟರಿಗೆ ಹೋಗುವ ಸಣ್ಣ ಉಕ್ಕಿನ ಪೈಪುಗಳಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಹಳೆಯ ಜೀಪಿನಂತೆ ಇಂಜಿನ್ ಓಡುವಾಗ ನಟ್ ಸಡಿಲಿಸುವುದು, ಸೋರಿಕೆಗೆ ಬೆರಳಿಟ್ಟು ನೋಡುವುದು ಬೇಡವೇ ಬೇಡ. ಆ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಮೊನೆಯಷ್ಟು ಕಂಡರೂ, ನೋವಿಲ್ಲದಿದ್ದರೂ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ "ಒತ್ತಡದ ಡೀಸೆಲ್ ಒಳಗೆ ಹೋಗಿದೆ" ಎಂದೇ ಹೇಳಬೇಕು.

ಟೆಂಪರೇಚರ್ ಮುಳ್ಳು ಏರುತ್ತಿದೆ

ನಿಲ್ಲಿಸಿ, ಎಸಿ ಆರಿಸಿ, ಇಂಜಿನ್ ಆರಿಸಿ. ರೇಡಿಯೇಟರ್ ಮುಚ್ಚಳ ತೆರೆಯಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಪೂರ್ತಿ ಆರಿದ ಮೇಲೆ ಕೂಲಂಟ್ ಮಟ್ಟ, ಹೋಸ್, ರೇಡಿಯೇಟರಿನ ಎದುರು ಮೆತ್ತಿದ ಕೆಸರು ನೋಡಿ. ಕೆಸರು ತೊಳೆದರೆ ಎಷ್ಟೋ ಗಾಡಿ ಸರಿಹೋಗುತ್ತವೆ. ತಣ್ಣಗಿರುವಾಗ ಮುಚ್ಚಳ ತೆರೆದಿಟ್ಟು ಸ್ಟಾರ್ಟ್ ಮಾಡಿದಾಗ ಗುಳ್ಳೆ ಬಿಡದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ತಲೆಗೂ ಬ್ಲಾಕಿಗೂ ನಡುವಿನ ಸೀಲ್) ಅನುಮಾನ. ಆಯಿಲ್ ಮುಚ್ಚಳದ ಒಳಗೆ ತೆಳ್ಳಗೆ ಬಿಳಿ ಕೆನೆ ಕಂಡರೆ ಮಾತ್ರ ಗಾಬರಿ ಬೇಡ: ನಮ್ಮ ತೇವದ ಹವೆಗೆ, ಹತ್ತಿರದ ಓಡಾಟಕ್ಕೆ ಅದು ಕಟ್ಟುವುದುಂಟು. ಡಿಪ್‌ಸ್ಟಿಕ್ಕಿನ (ಆಯಿಲ್ ಮಟ್ಟ ನೋಡುವ ಕಡ್ಡಿ) ಆಯಿಲೇ ಹಾಲು ಬೆರೆತ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಟೋ.

ಫಿಲ್ಟರ್ ಲೈಟ್ ಹತ್ತಿದೆ, ಇಂಜಿನ್ ಆಯಿಲ್ ಹೆಚ್ಚಾಗಿದೆ

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದೆ. ಅದರಲ್ಲಿ ಕೂತ ಮಸಿ ಸುಡಲು 550–600 ಡಿಗ್ರಿ ಕಾವು ಬೇಕು. ಮನೆಯಿಂದ ಸೊಸೈಟಿಗೆ, ಸೊಸೈಟಿಯಿಂದ ತೋಟಕ್ಕೆ ಎಂದು ಓಡಾಡುವ ಗಾಡಿಗೆ ಆ ಕಾವು ಬರುವುದೇ ಇಲ್ಲ. ಲೈಟ್ ಬರೀ ಹತ್ತಿದ್ದರೆ ಭದ್ರಾವತಿ, ತರೀಕೆರೆ ಕಡೆಯ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಹದದಲ್ಲಿ ಓಡಿಸಿ ಬನ್ನಿ, ನಡುವೆ ಆರಿಸಬೇಡಿ. ಮಿಣುಕುತ್ತಿದ್ದರೆ ಅಥವಾ ಇಂಜಿನ್ ಲೈಟೂ ಸೇರಿದ್ದರೆ ಸರ್ವಿಸ್ ಸೆಂಟರ್. ಮಸಿ ಸುಡುವಾಗ ಗಾಡಿಯ ಅಡಿಭಾಗ ಕಾದಿರುತ್ತದೆ, ಒಣ ತರಗೆಲೆ, ಅಡಿಕೆ ಸೋಗೆಯ ಮೇಲೆ ನಿಲ್ಲಿಸಬೇಡಿ.

ಸುಡುವ ಕೆಲಸ ಮತ್ತೆಮತ್ತೆ ಅರ್ಧಕ್ಕೆ ನಿಂತರೆ ಡೀಸೆಲ್ ಇಳಿದು ಇಂಜಿನ್ನಿನ ತಳದಲ್ಲಿರುವ ಆಯಿಲಿಗೆ ಬೆರೆಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮೇಲಿನ ಗೆರೆ ದಾಟಿದೆ, ಡೀಸೆಲ್ ವಾಸನೆ ಇದೆ ಎಂದಾದರೆ ಬದಲಿಸದೆ ಓಡಿಸಬೇಡಿ. ಅದು ತೆಳುವಾಗಿ ಬೇರಿಂಗ್, ಟರ್ಬೊ ಎರಡನ್ನೂ ತಿನ್ನುತ್ತದೆ. ಇನ್ನೂ ಕೆಟ್ಟದ್ದೆಂದರೆ ಇಂಜಿನ್ ತನ್ನ ಆಯಿಲನ್ನೇ ಎಳೆದುಕೊಂಡು ಕೀ ತೆಗೆದರೂ ಆರದೆ ಕಿರುಚುವುದು. ಮ್ಯಾನುವಲ್ ಗಾಡಿಯಾದರೆ, ಒಳಗೇ ಕೂತಿದ್ದರೆ, ಬ್ರೇಕ್ ಬಲವಾಗಿ ಒತ್ತಿ, ಮೇಲಿನ ಗೇರ್ ಹಾಕಿ, ಕ್ಲಚ್ ಬಿಟ್ಟು ಉಸಿರು ಕಟ್ಟಿಸಿ. ಆಗದಿದ್ದರೆ ಇಳಿದು ದೂರ ಹೋಗಿ, ಬಾನೆಟ್ ಎತ್ತಲು ಹೋಗಬೇಡಿ.

ಹಳ್ಳ ದಾಟುವಾಗ ನಿಂತುಹೋಯಿತು

ದೊಡ್ಡ ಟೈರ್ ಇದೆ ಎಂಬ ಧೈರ್ಯ ಇಲ್ಲಿ ಕೈ ಕೊಡುತ್ತದೆ. ಮೇಲಿನ ಲೆಕ್ಕದಲ್ಲಿ ಟೈರ್ 66 ಮಿ.ಮೀ. ದೊಡ್ಡದಾದರೂ ಗಾಡಿ ಏರುವುದು ಅದರ ಅರ್ಧ, 33 ಮಿ.ಮೀ. ಅಂದರೆ ಎರಡು ಬೆರಳಿನಗಲ. ಗಾಳಿ ಎಳೆಯುವ ಬಾಯಿಯೂ ಏರಿದ್ದು ಅಷ್ಟೇ. ನೀರಲ್ಲಿ ನಿಂತರೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿಗೆ ಹೋದ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆಸಿ ದಡಕ್ಕೆ ತಂದು ಏರ್ ಫಿಲ್ಟರ್ ತೆರೆಯಿರಿ. ಒದ್ದೆ ಇದ್ದರೆ ಮೆಕ್ಯಾನಿಕ್ ಬರಲಿ. ಇಂಜೆಕ್ಟರೋ ಗ್ಲೋ ಪ್ಲಗ್ಗೋ ಬಿಚ್ಚಿ ನೀರು ಹೊರಹಾಕಿದರೆ ಇಂಜಿನ್ ಉಳಿಯುತ್ತದೆ.

"ಇಂಜೆಕ್ಟರ್ ಸೆಟ್ಟೇ ಹೋಗಿದೆ ಸಾರ್" ಎಂದಾಗ

ಹೋಗಿರಬಹುದು. ಆದರೆ ನಾಲ್ಕೂ ಒಟ್ಟಿಗೆ ಹೋಗುವುದು ಕಡಿಮೆ, ಕೆಟ್ಟ ಡೀಸೆಲ್ ಕುಡಿದಿದ್ದರೆ ಮಾತು ಬೇರೆ. ರಿಟರ್ನ್ ಟೆಸ್ಟ್ ಮಾಡಿ ತೋರಿಸಿ ಎನ್ನಿ. ಪ್ರತಿ ಇಂಜೆಕ್ಟರಿನ ವಾಪಸು ಪೈಪನ್ನು ಒಂದೊಂದು ಸಣ್ಣ ಬಾಟಲಿಗೆ ಬಿಟ್ಟು ಕೆಲವು ನಿಮಿಷ ಐಡ್ಲಿಂಗ್ ಓಡಿಸುತ್ತಾರೆ. ಮೂರು ಬಾಟಲಿಯಲ್ಲಿ ಹೆಚ್ಚುಕಡಿಮೆ ಸಮ ಇದ್ದು ಒಂದು ಮಾತ್ರ ಬೇಗ ತುಂಬಿದರೆ ಸವೆದಿರುವುದು ಅದೊಂದೇ. ನಿಮ್ಮ ಕಣ್ಣೆದುರೇ ಗೊತ್ತಾಗುವ ಪರೀಕ್ಷೆ, ಮಾಡಲು ಒಪ್ಪದ ಗ್ಯಾರೇಜಿನಲ್ಲಿ ಸೆಟ್ ಬದಲಿಸಬೇಡಿ. ಅನುಮಾನದ ಇಂಜೆಕ್ಟರನ್ನು ಬಿಚ್ಚಿ ಡೀಸೆಲ್ ಪಂಪ್ ರಿಪೇರಿಯವರ ಬೆಂಚಿನ ಮೇಲೆ ನೋಡಿಸಿದರೆ ಕಾಗದದಲ್ಲಿ ಅಂಕಿ ಸಿಗುತ್ತದೆ. ಹೊಸದು ಹಾಕಿದ ಮೇಲೆ ಅದರ ಮೇಲಿರುವ ಕೋಡನ್ನು ಬಹಳಷ್ಟು ಗಾಡಿಗಳಲ್ಲಿ ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರ್) ಬರೆಸಬೇಕು, ಮರೆತರೆ ಹೊಸ ಇಂಜೆಕ್ಟರಿದ್ದರೂ ಇಂಜಿನ್ ಕಟಕಟ ಎನ್ನುತ್ತದೆ. ಇಂಜೆಕ್ಟರ್ ಕೆಟ್ಟದ್ದು ನೀರಿನಿಂದಲೋ ಲೋಹದ ಪುಡಿಯಿಂದಲೋ ಆಗಿದ್ದರೆ ಟ್ಯಾಂಕ್, ಲೈನ್, ರೈಲ್ ತೊಳೆಯುವುದು ಮತ್ತು ಹೊಸ ಫಿಲ್ಟರ್ ಅಂದಾಜುಪಟ್ಟಿಯಲ್ಲಿ ಇದೆಯೇ ನೋಡಿ ಮುಂಗಡ ಕೊಡಿ. ಅದಿಲ್ಲದೆ ಕೂರಿಸಿದ ಹೊಸ ಇಂಜೆಕ್ಟರು ಹಳೆಯದರ ದಾರಿಯನ್ನೇ ಹಿಡಿಯುತ್ತದೆ.